ಹುಡುಗರನ್ನು ಊರ ತಂಡದಲ್ಲೇ ಉಳಿಸಿಕೊಂಡದ್ದು: ಐರ್ಲೆಂಡಿನ ಪೂರ್ವ ಕಾರ್ಕ್‌ನ ಹರ್ಲಿಂಗ್ ಕ್ಲಬ್ಬಿನಲ್ಲಿ ನನ್ನ ಅನುಭವ

ಹರ್ಲಿಂಗ್ ಅನ್ನುವ ಕೋಲು-ಚೆಂಡಿನ ಐರಿಷ್ ಆಟಕ್ಕೆ ಊರ ಹುಡುಗರನ್ನು ಉಳಿಸಿಕೊಳ್ಳುವ ನಮ್ಮ ಉಪಾಯ ಅಂತೂ ಕೆಲಸ ಮಾಡಿತು. ಹೋದ ವರ್ಷ ನಮ್ಮ ಜೂನಿಯರ್ ಎ ತಂಡ (ದೊಡ್ಡವರದೇ, ಕೆಳ ದರ್ಜೆಯದು) ಡಿವಿಷನ್ ಸೆಮಿಫೈನಲ್ ಆಡಿತು; ಡಿವಿಷನ್ ಅಂದರೆ ಸುತ್ತಲಿನ ಕ್ಲಬ್ಬುಗಳ ಗುಂಪು. ಮೂರ್ನಾಲ್ಕು ವರ್ಷದ ಹಿಂದೆ ಇದೇ ಕ್ಲಬ್ಬಿಗೆ ಹದಿನೈದು ಜನ ಕೂಡಿಸುವುದೇ ಕಷ್ಟವಿತ್ತು. ಆಳಿಲ್ಲದೆ ಪಂದ್ಯ ಬಿಟ್ಟುಕೊಟ್ಟದ್ದೂ ಉಂಟು. "ಇಂಡಿಯಾದವನು ನಮಗೆ ಹರ್ಲಿಂಗ್ ಹೇಳಿಕೊಡ್ತಾನಾ" ಅಂತ ನಕ್ಕವರೇ ಈಗ ಹುಡುಗರ ಲೆಕ್ಕ ಇಟ್ಟ ನನ್ನ ಎಕ್ಸೆಲ್ ಶೀಟ್ ಕೇಳುತ್ತಾರೆ. ಕೊಟ್ಟಿದ್ದೇನೆ, ಒಂದೆರಡು ಕಾಲಮ್ ಅಳಿಸಿ.

ಐರ್ಲೆಂಡಿನಲ್ಲಿ ಮಕ್ಕಳನ್ನು ಜಿಎಎ (ಐರಿಷ್ ಆಟಗಳನ್ನು ನಡೆಸುವ ಸಂಸ್ಥೆ) ಮೈದಾನಕ್ಕೆ ಬಿಟ್ಟು, ಮಳೆಯಲ್ಲಿ ಲೈನಿನ ಪಕ್ಕ ನಿಲ್ಲುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹರ್ಲಿ (ಕೋಲು), ಸ್ಲಿಟರ್ (ಚೆಂಡು), ಪಕ್‌ಔಟ್ (ಗೋಲಿನ ಹತ್ತಿರದಿಂದ ಚೆಂಡು ಹೊಡೆದು ಆಟ ಮುಂದುವರಿಸುವುದು) ಎಲ್ಲ ನಿಮಗೆ ಗೊತ್ತೇ ಇದೆ. ಇವತ್ತಲ್ಲ ನಾಳೆ ನಿಮ್ಮನ್ನೂ ಕಮಿಟಿಗೆ ಎಳೆಯುತ್ತಾರೆ. ನಿಂತು ನೋಡುವವನನ್ನು ಇಲ್ಲಿ ಯಾರೂ ಸುಮ್ನೆ ಬಿಡಲ್ಲ.

ನಮ್ಮದು ಇಮೊಕಿಲ್ಲಿ ಡಿವಿಷನ್, ಮಿಡಲ್ಟನ್ ಪಕ್ಕದ ಸಣ್ಣ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು. ಈ ಕಡೆ ಆಟಗಾರರಿಗೆ ಬರ ಇಲ್ಲ. ಡಿವಿಷನ್ ತಂಡ 2017ರಿಂದ 2019ರವರೆಗೆ ಸತತ ಮೂರು ಸಲ, ಮತ್ತೆ 2024ರಲ್ಲಿ ಕೌಂಟಿ (ಜಿಲ್ಲೆ) ಸೀನಿಯರ್ ಪಟ್ಟ ಹೊಡೆದಿದೆ. ಬರ ಇರುವುದು ಮಂಗಳವಾರ ಮತ್ತು ಗುರುವಾರದ ಅಭ್ಯಾಸಕ್ಕೆ ಬರುವವರಿಗೆ. ಓದಿದವರು ಡಬ್ಲಿನ್ನಿಗೆ ಹೋಗುತ್ತಾರೆ, ಟೀಚರು-ನರ್ಸು ಆದವರು ಸಿಡ್ನಿಗೋ ದುಬೈಗೋ ಹೋಗುತ್ತಾರೆ. ಕಾಲೇಜು ಹುಡುಗರು ಬೇಸಿಗೆಯಲ್ಲಿ ಜೆ-1 ವೀಸಾ (ಅಮೆರಿಕದಲ್ಲಿ ರಜೆ ಕೆಲಸ ಮಾಡುವ ವೀಸಾ) ಹಿಡಿದು ಬಾಸ್ಟನ್, ಷಿಕಾಗೋ ಅಂತ ಹಾರುತ್ತಾರೆ. ಅಲ್ಲಿನ ಕ್ಲಬ್ಬುಗಳಿಗೂ ಇಂಥ ಹುಡುಗರೇ ಬೇಕು. ಇಲ್ಲೇ ಇರುವವನಿಗೋ ಊರಲ್ಲಿ ಮನೆ ಸಿಗುವುದಿಲ್ಲ. ಬೇರೆ ಕಡೆ ಮನೆ ಕೊಂಡ ಅಂದರೆ ಅಲ್ಲಿನ ಕ್ಲಬ್ಬು ಕರೆಯುತ್ತದೆ.

ಆಡಿದ್ದಕ್ಕೆ ದುಡ್ಡು ಕೊಡುವ ಹಾಗಿಲ್ಲ. ಒಂಬತ್ತು ಸಲ ಆಲ್ ಐರ್ಲೆಂಡ್ ಕ್ಲಬ್ ಪಟ್ಟ ಗೆದ್ದ ಬ್ಯಾಲಿಹೇಲ್ ಶಾಮ್ರಾಕ್ಸ್‌ನಲ್ಲೂ ಯಾರಿಗೂ ಸಂಬಳ ಇಲ್ಲ. ಹಾಗಾಗಿ ಕಮಿಟಿಗೆ ಹೊಳೆದದ್ದು ಜಾಕೆಟ್. ಎಲ್ಲರಿಗೂ ಕ್ಲಬ್ ಜಾಕೆಟ್, ಬ್ಯಾಗು, ಟ್ರ್ಯಾಕ್‌ಸೂಟ್. ಎರಡೂವರೆ ಸಾವಿರ ಯೂರೋ ಹತ್ತಿರ ಹೋಯಿತು. ಅದು ವಾರಕ್ಕೆ ಎರಡೆರಡು ಯೂರೋ ಹಾಕಿ ಊರವರು ಆಡುವ ಕ್ಲಬ್ ಲಾಟೊದ ದುಡ್ಡು. ಮುಂದಿನ ಚಳಿಗಾಲ ಒಬ್ಬ ಹುಡುಗ ಸಿಡ್ನಿಯಿಂದ ಫೋಟೋ ಕಳಿಸಿದ. ನಮ್ಮ ಜಾಕೆಟ್ ಹಾಕಿಕೊಂಡು ಬೀಚಿನಲ್ಲಿ ನಿಂತಿದ್ದ.

ಆಮೇಲೆ ಬೇಸಿಗೆ ಕೆಲಸದ ಪಟ್ಟಿ. ಹುಡುಗರು ಅಮೆರಿಕಕ್ಕೆ ಹೋಗದಿರಲಿ ಅಂತ ಊರಿನ ಗುತ್ತಿಗೆದಾರರು, ಡೇರಿ ರೈತರ ಹತ್ತಿರ ಕೆಲಸ ಕೇಳಿದೆವು. ಕೆಲಸ ಸಿಕ್ಕಿತು. ಆದರೆ ಸೈಲೇಜ್ (ದನಗಳಿಗೆ ಹಸಿ ಮೇವು ಕೂಡಿಡುವ) ಸೀಸನ್ನಿನಲ್ಲಿ ಕೆಲಸ ಮುಗಿಯುವುದು ರಾತ್ರಿ ಹತ್ತಕ್ಕೆ. ಹುಡುಗ ಊರಲ್ಲೇ ಇದ್ದಾನೆ, ಅಭ್ಯಾಸಕ್ಕೆ ಇಲ್ಲ! ಇದಕ್ಕಿಂತ ಬಾಸ್ಟನ್ನೇ ವಾಸಿ ಅನ್ನಿಸಿತು.

ನಾನು ಪೊನ್ನಂಪೇಟೆ ಕಡೆಯವನು. ನಮ್ಮಲ್ಲಿ 1997ರಿಂದ ಕೊಡವ ಹಾಕಿ ಹಬ್ಬ ನಡೆಯುತ್ತಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವನೂ ರಜೆ ಹಾಕಿ ಮನೆತನದ ತಂಡಕ್ಕೆ ಬಂದು ಆಡುತ್ತಾನೆ. ಯಾಕೆ? ಯಾವಾಗ ನಡೆಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ವರ್ಷವಿಡೀ ಹಾಜರಿ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲು ಹಾಗೆ ಮಾಡಲು ಆಗುತ್ತಿರಲಿಲ್ಲ. ಕೌಂಟಿ ತಂಡ ಎಷ್ಟು ದಿನ ಉಳಿಯುತ್ತದೋ ಅಷ್ಟು ದಿನ ಕ್ಲಬ್ ಪಂದ್ಯಗಳು ಕಾಯಬೇಕಿತ್ತು. 2022ರಿಂದ ಸೀಸನ್ ಎರಡು ಭಾಗವಾಯಿತು. ಕೌಂಟಿ ಆಟ ಜುಲೈಗೆ ಮುಗಿಯುತ್ತದೆ, ಆಮೇಲೆ ಕ್ಲಬ್ಬಿನದು. ನಾನು ಕಮಿಟಿಯಲ್ಲಿ ಕೇಳಿದ್ದು ಇಷ್ಟೇ: "ಹುಡುಗರನ್ನು ಹಿಡಿದಿಟ್ಟುಕೊಳ್ಳುವುದು ಬೇಡ. ಹೋಗಲಿ. ನಮಗೆ ಬೇಕಾದ ವೀಕೆಂಡ್‌ಗಳನ್ನು ಮಾತ್ರ ಮೊದಲೇ ಕೇಳೋಣ."

ಗಲಾಟೆ ಆಯಿತು. "ಅಭ್ಯಾಸಕ್ಕೆ ಬಾರದವನಿಗೆ ಜರ್ಸಿ ಯಾಕೆ" ಅಂದರು ಹಳಬರು. ನ್ಯಾಯದ ಮಾತೇ. ಅದಕ್ಕೆ ಅಭ್ಯಾಸವನ್ನೇ ಡಬ್ಲಿನ್ನಿಗೆ ಒಯ್ದೆವು. ನಮ್ಮವರು ಅಲ್ಲಿ ಏಳೆಂಟು ಜನ. ಅಷ್ಟರಲ್ಲಿ ಏನೂ ಆಗಲ್ಲ. ಪಕ್ಕದ ಪ್ಯಾರಿಷ್‌ನವರೂ ಅಲ್ಲಿ ಏಳೆಂಟು ಜನ ಇದ್ದರು. ನಮಗೂ ಅವರಿಗೂ ಆಗಿಬರುವುದಿಲ್ಲ, ಅದು ಅಜ್ಜಂದಿರ ಕಾಲದ ಜಗಳ. ಆದರೂ ಎರಡೂ ಕಡೆಯವರನ್ನು ಸೇರಿಸಿ ಬುಧವಾರ ರಾತ್ರಿ ಒಂದು ಮೈದಾನದಲ್ಲಿ ಆಡಿಸಿದೆವು. ಊರಲ್ಲಿ ಕೆಲವರು ಎರಡು ವಾರ ನನ್ನ ಹತ್ತಿರ ಮಾತು ಬಿಟ್ಟರು. ಆದರೆ ಅದರಷ್ಟು ಒಳ್ಳೆಯ ಅಭ್ಯಾಸ ನಮ್ಮ ಊರಿನಲ್ಲೂ ಆಗುತ್ತಿರಲಿಲ್ಲ. ಎದುರಾಳಿ ಮುಂದೆ ಯಾರು ಸೋಮಾರಿತನ ಮಾಡುತ್ತಾರೆ? ಮೈದಾನ ಎಲ್ಲಿಯದು, ಬಾಡಿಗೆ ಹೇಗೆ ಅಷ್ಟು ಕಡಿಮೆ ಆಯಿತು ಅನ್ನುವುದು ನನ್ನಲ್ಲೇ ಇರಲಿ. ಹೇಳಿದರೆ ನಾಳೆ ಹತ್ತು ಕ್ಲಬ್ಬು ಅಲ್ಲಿ ಸಾಲು ನಿಲ್ಲುತ್ತವೆ.

ಪಂದ್ಯಕ್ಕೆ ಕರೆತರಲು ಮೊದಲು ಮಿನಿಬಸ್ ವಿಚಾರಿಸಿದೆವು. ಒಂದು ವೀಕೆಂಡಿಗೆ ಐನೂರು-ಆರುನೂರು ಯೂರೋ ಕೇಳಿದರು. ಬಿಟ್ಟೆವು. ಈಗ ಎರಡು ಕಾರು. ಡೀಸೆಲ್ಲು, ಪೋರ್ಟ್‌ಲೀಷ್ ಮತ್ತು ಫರ್ಮಾಯ್ ಟೋಲು ಸೇರಿ ಒಂದು ಕಾರಿಗೆ ಹೋಗಿಬರಲು 60 ಯೂರೋ ಆಸುಪಾಸು, ಕ್ಲಬ್ಬಿನದೇ ಖರ್ಚು. ಇಡೀ ಸೀಸನ್ ಲೆಕ್ಕ ಹಾಕಿದರೂ ಜಾಕೆಟ್ಟಿನ ಅರ್ಧದಷ್ಟೂ ಆಗಲಿಲ್ಲ. ಒಂದು ಸಲ ದಾರಿಗೆ ಅಂತ ಚಿತ್ರಾನ್ನ ಕಟ್ಟಿಕೊಟ್ಟೆ. ಪಾಪ, ತಿಂದರು. ತಿಂದು ಮುಂದಿನ ಪೆಟ್ರೋಲ್ ಬಂಕಿನಲ್ಲಿ ಚಿಕನ್ ಫಿಲೆಟ್ ರೋಲ್ ಕೊಂಡರು.

ಎರಡನೇ ತಂಡ ಮುಚ್ಚೋಣ ಅಂತ ಬಹಳ ಜನ ಹೇಳಿದ್ದರು. ಮುಚ್ಚಲಿಲ್ಲ. ಮೊದಲ ಹದಿನೈದರಲ್ಲಿ ಜಾಗ ಸಿಗದ ಹತ್ತೊಂಬತ್ತರ ಹುಡುಗ ವಾರ ವಾರ ಬೆಂಚಿನ ಮೇಲೆ ಕೂತರೆ ವರ್ಷದೊಳಗೆ ಹರ್ಲಿ ಗ್ಯಾರೇಜಿಗೆ ಎಸೆಯುತ್ತಾನೆ. ಮೈನರ್ (ಹದಿಹರೆಯದವರ ದರ್ಜೆ) ಮುಗಿಸಿದ ಪ್ರತಿಯೊಬ್ಬನಿಗೂ ನಾನೇ ಫೋನ್ ಮಾಡುತ್ತೇನೆ. ಏನು ಹೇಳುತ್ತೇನೆ ಅನ್ನುವುದೇ ಆ ಅಳಿಸಿದ ಕಾಲಮ್ಮುಗಳಲ್ಲಿ ಒಂದು.

ನಡುವೆ ಬಿದಿರಿನ ಹರ್ಲಿಯನ್ನೂ ತರಿಸಿ ನೋಡಿದೆವು. 2012ರಲ್ಲಿ, ಹರ್ಲಿ ಮಾಡುವ ಆ್ಯಶ್ ಮರಗಳ ಒಣಗು ರೋಗ ಐರ್ಲೆಂಡಿಗೆ ಕಾಲಿಟ್ಟ ಮೇಲೆ ಮರದ ಹರ್ಲಿಯ ಬೆಲೆ ಏರುತ್ತಲೇ ಇದೆ. ಬಿದಿರಿನದು ಬೇಗ ಮುರಿಯುವುದಿಲ್ಲ. ಡಿಫೆಂಡರುಗಳು ಒಪ್ಪಿಕೊಂಡರು, ಫಾರ್ವರ್ಡುಗಳು "ಕೈಗೆ ಕೂರಲ್ಲ" ಅಂತ ಗೊಣಗಿದರು. ಫಾರ್ವರ್ಡುಗಳು ಗೊಣಗುವುದು ಹೊಸದೇನಲ್ಲ. ಚಿಕ್ಕ ಮಕ್ಕಳಿಗೆ ಗೋಡೆಗೆ ಟೆನಿಸ್ ಬಾಲ್ ಹೊಡೆಸಿದ್ದು ಮಾತ್ರ ಭರ್ಜರಿ ಫಲ ಕೊಟ್ಟಿತು. ಖರ್ಚು ಹೆಚ್ಚು ಕಡಿಮೆ ಸೊನ್ನೆ.

ಈ ವರ್ಷ? ಗುಂಪು ಹಂತ ದಾಟುತ್ತೇವೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಬ್ಯಾಕ್ ಲೈನ್ ಡಿವಿಷನ್ನಿನಲ್ಲೇ ಗಟ್ಟಿ. ಗೋಲ್ ಕೀಪರ್ ಪರ್ತ್‌ಗೆ ಹೋದ. ಎರಡನೇ ತಂಡದಲ್ಲಿದ್ದ ಮೂವತ್ತು ದಾಟಿದ ಎಲೆಕ್ಟ್ರಿಷಿಯನ್ ಆ ಜಾಗದಲ್ಲಿ ನಿಂತಿದ್ದಾನೆ, ಅವನ ಪಕ್‌ಔಟ್ ಇನ್ನೂ ಉದ್ದ. ತಂಡ ಮುಚ್ಚಿದ್ದರೆ ಇವನು ಎಲ್ಲಿಂದ ಬರುತ್ತಿದ್ದ? ಬಾಸ್ಟನ್ನಿಗೆ ಹೋದ ಇಬ್ಬರು ಎರಡನೇ ಸುತ್ತಿಗೆ ವಾಪಸ್, ಟಿಕೆಟ್ ಆಗಿದೆ. ಚಿಂತೆ ಇರುವುದು ಫ್ರೀ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಹೊಡೆಯುವವನದು. ಮೇ ಪರೀಕ್ಷೆಯಲ್ಲಿ ಗಣಿತ ಬಿಟ್ಟಿದ್ದಾನೆ, ಮರುಪರೀಕ್ಷೆ ಇರುವುದು ಆಗಸ್ಟಿನಲ್ಲಿ, ಮೂರನೇ ಸುತ್ತಿನ ಹತ್ತಿರವೇ. ಅವನಿಗೆ ಇಂಟಿಗ್ರೇಷನ್ ಹೇಳಿಕೊಡುವ ಕೆಲಸವನ್ನೂ ಕಮಿಟಿ ನನಗೇ ಒಪ್ಪಿಸಿದೆ.