ಇಳಿಜಾರಿನಲ್ಲಿ ಪಟಗುಟ್ಟುವ ಹಳೆ ಬುಲೆಟ್: ಮೊದಲು ಗಾಳಿ ಹುಡುಕಿ, ಆಮೇಲೆ ಸ್ಕ್ರೂ ತಿರುಗಿಸಿ

ಸೈಲೆನ್ಸರ್ ಪಟಪಟ ಎನ್ನುತ್ತಿದೆ ಎಂದು ಯಾರಾದರೂ ಗಾಡಿ ತಂದು ನಿಲ್ಲಿಸಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವಾಗ? ರೇಸ್ ಕೊಡುವಾಗಲೋ, ಬಿಟ್ಟಾಗಲೋ? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಸದ್ದು ಕೇಳಿರುತ್ತಾರೆ, ಕೈ ಏನು ಮಾಡುತ್ತಿತ್ತು ಎಂಬುದನ್ನು ಗಮನಿಸಿರುವುದಿಲ್ಲ. ಅರ್ಧ ರಿಪೇರಿ ಈ ಉತ್ತರದಲ್ಲೇ ಇದೆ.

ತುಮಕೂರಿನ ಹತ್ತಿರದ ದೇವರಾಯನದುರ್ಗದ ಗುಡ್ಡದಿಂದ ಮೂರನೇ ಗೇರಿನಲ್ಲಿ, ಎಕ್ಸಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಹಿಂದಿನಿಂದ ಪಟ್, ಪಟಪಟ್ ಎಂದರೆ ಅದೊಂದು ಕಾಯಿಲೆ. ಊರುಕೆರೆಯ ಹತ್ತಿರ ನೇರ ರಸ್ತೆಯಲ್ಲಿ ಎಳೆಯುವಾಗ ಠಪ್ ಎಂದು ಒಡೆದು ಗಾಡಿ ಮುಗ್ಗರಿಸಿದರೆ ಅದು ಬೇರೆ. ಕಿಕ್ ಹೊಡೆದಾಗ ಕಾರ್ಬುರೇಟರಿನ ಬಾಯಿಂದಲೇ ಉಗುಳಿದರೆ ಮೂರನೆಯದು. ಮೊದಲನೆಯದು ಬಹುಮಟ್ಟಿಗೆ ಗಾಳಿಯ ತೊಂದರೆ. ಎರಡನೆಯದು ಸಾಮಾನ್ಯವಾಗಿ ಕಿಡಿಯದು. ಮೂರನೆಯದಕ್ಕೆ ಟೈಮಿಂಗ್ (ಕಿಡಿ ಹಾರುವ ಹೊತ್ತು), ಇನ್‌ಲೆಟ್ ವಾಲ್ವ್, ತೀರಾ ತೆಳುವಾದ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಇರುವ) ಮಿಶ್ರಣ ಈ ಮೂರನ್ನೂ ಅನುಮಾನಿಸಬೇಕು. ಎಲ್ಲದಕ್ಕೂ ಗಾಳಿ ಹೊಂದಿಸುವ ಏರ್ ಸ್ಕ್ರೂ ತಿರುಗಿಸುವುದೇ ಮದ್ದು ಎಂದುಕೊಂಡವರ ಕಾರ್ಬುರೇಟರನ್ನು ನೋಡಿದ ಕೂಡಲೇ ಗುರುತಿಸಬಹುದು: ಸ್ಕ್ರೂವಿನ ತಲೆಯಲ್ಲಿ ಗೀರೇ ಉಳಿದಿರುವುದಿಲ್ಲ.

ನಾನು ಬಸ್ ಡಿಪೋದಲ್ಲಿ ಡೀಸೆಲ್ ಎಂಜಿನ್‌ಗಳ ನಡುವೆ ನೌಕರಿ ಮುಗಿಸಿದವನು. ಡೀಸೆಲ್ ಲೈನಿಗೆ ಗಾಳಿ ಸೇರಿದರೆ ಬಸ್ಸು ಮೌನವಾಗಿ ನಿಂತುಬಿಡುತ್ತದೆ. ಪೆಟ್ರೋಲ್ ಗಾಡಿಗೆ ಬೇಡದ ಕಡೆ ಗಾಳಿ ಸೇರಿದರೆ ಅದು ಊರಿಗೆಲ್ಲ ಕೇಳುವ ಹಾಗೆ ಬೈಯುತ್ತದೆ. ಇಲ್ಲಿ ಬರೆಯುತ್ತಿರುವುದು ಎರಕದ ಕಬ್ಬಿಣದ ಬ್ಯಾರೆಲ್, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಹಳೆಯ ಏರ್ಪಾಡು), ಮಿಕ್‌ಕಾರ್ಬ್ ಕಾರ್ಬುರೇಟರ್ ಇರುವ 350ರ ಬುಲೆಟ್ ಬಗ್ಗೆ. ಇತರ ಹಳೆಯ ಫೋರ್ ಸ್ಟ್ರೋಕ್ ಗಾಡಿಗಳಿಗೂ ತರ್ಕ ಇದೇ, ಅಳತೆಗಳು ಮಾತ್ರ ಬೇರೆ.

ಪಟಗುಟ್ಟುವುದು ಏಕೆ

ಎಕ್ಸಲರೇಟರ್ ಬಿಟ್ಟಾಗ ಕಾರ್ಬುರೇಟರಿನ ಬಾಗಿಲಾದ ಸ್ಲೈಡ್ ಕೆಳಗಿಳಿದು ದಾರಿ ಮುಚ್ಚುತ್ತದೆ. ಚಕ್ರ ಮಾತ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತದೆ. ಆಗ ಪೆಟ್ರೋಲ್ ಬರುವುದು ಪೈಲಟ್ ಜೆಟ್ ಎಂಬ ಸಣ್ಣ ತೂತಿನ ದಾರಿಯಿಂದ ಮಾತ್ರ. ಆ ಮಿಶ್ರಣ ತೆಳುವಾದರೆ ಪ್ರತಿ ಸಲವೂ ಹೊತ್ತಿಕೊಳ್ಳುವುದಿಲ್ಲ. ಹೊತ್ತದೆ ಉಳಿದದ್ದು ಎಕ್ಸಾಸ್ಟ್ ವಾಲ್ವ್ ದಾಟಿ ಪೈಪಿಗೆ ಹೋಗುತ್ತದೆ. ಪೈಪಿನ ಜಾಯಿಂಟಿನಲ್ಲಿ ಸೋರಿಕೆ ಇದ್ದರೆ ಅಲ್ಲಿಂದ ಹೊರಗಿನ ಹೊಸ ಗಾಳಿಯೂ ಒಳಗೆ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಆವಿ ಇದೆ, ಆಮ್ಲಜನಕ ಬಂತು, ಪೈಪು ಕೆಂಡದ ಹಾಗೆ ಕಾದಿದೆ. ಮುಂದಿನದು ನಿಮಗೆ ಕೇಳಿಸಿದ ಸದ್ದು.

ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಸೋಪಿನ ನೀರು ಕಲಸಿಕೊಳ್ಳಿ.

ಈ ಬುಲೆಟ್‌ನಲ್ಲಿ ಎಕ್ಸಾಸ್ಟ್ ಪೈಪ್ ಹೆಡ್ಡಿಗೆ ಸೇರುವ ಕಡೆ ಬೋಲ್ಟ್ ಹಾಕಿ ಬಿಗಿದ ಫ್ಲೇಂಜ್ (ಚಪ್ಪಟೆ ಅಂಚು) ಇರುವುದಿಲ್ಲ, ಪೈಪನ್ನು ತಳ್ಳಿ ಕೂರಿಸಿರುತ್ತಾರೆ. ಕಂಪನಕ್ಕೆ ಅದು ಸಡಿಲವಾಗುವುದು ಸಹಜ. ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡಿ: ಜಾಯಿಂಟಿನ ಸುತ್ತ ಹೆಡ್ಡಿನ ಮೇಲೆ ಮಸಿಯ ಗೆರೆ ಹರಡಿದ್ದರೆ ಬೇರೆ ಪರೀಕ್ಷೆಯೇ ಬೇಡ. ಗೆರೆ ಇಲ್ಲದಿದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಜಾಯಿಂಟಿಗೆ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ. ಇನ್ನೊಬ್ಬರು ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಗೋಣಿಬಟ್ಟೆಯ ಮಡಿಕೆಯನ್ನು ಸೈಲೆನ್ಸರಿನ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯಲಿ. ಒಳಗಿನ ಒತ್ತಡ ಏರಿ, ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, ಚುಸ್ ಚುಸ್ ಎಂಬ ಸದ್ದೂ ಬರುತ್ತದೆ. ಪೈಪ್ ಮತ್ತು ಸೈಲೆನ್ಸರ್ ಸೇರುವ ಕ್ಲ್ಯಾಂಪಿನಲ್ಲೂ ಇದೇ ಪರೀಕ್ಷೆ ಮಾಡಿ. ಸೋರಿದರೆ ಪೈಪ್ ಬಿಚ್ಚಿ, ಎರಡೂ ಮುಖಗಳ ಹಳೆಯ ಮಸಿ ಕೆರೆದು, ಹೆಚ್ಚಿನ ಶಾಖ ತಡೆಯುವ ಎಕ್ಸಾಸ್ಟ್ ಪೇಸ್ಟ್ ತೆಳ್ಳಗೆ ಹಚ್ಚಿ ಕೂರಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಸೈಲೆನ್ಸರಿನ ಬ್ರಾಕೆಟ್ ಬೋಲ್ಟುಗಳನ್ನು ಕೊನೆಗೆ ಬಿಗಿಯಿರಿ. ಮೊದಲೇ ಬಿಗಿದರೆ ಪೈಪು ಓರೆಯಾಗಿ ಕುಳಿತು ವಾರದೊಳಗೆ ಮತ್ತೆ ಸೋರುತ್ತದೆ.

ಕಿಕ್ ಹೊಡೆಯುವಾಗ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಇರುವ ಗಾಡಿಯಾದರೆ ಅದರ ಕೇಬಲ್‌ನಲ್ಲಿ ಸ್ವಲ್ಪ ಸಡಿಲು ಇದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೆ ಅದರ ಪುಟ್ಟ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಒಂದು ನಿಮಿಷದ ಕೆಲಸ, ಆದರೆ ಯಾರೂ ನೋಡುವುದಿಲ್ಲ.

ಇನ್ನು ಒಳಗೆ ಹೋಗುವ ಗಾಳಿ. ಕಾರ್ಬುರೇಟರನ್ನು ಹೆಡ್ಡಿಗೆ ಎರಡು ನಟ್‌ಗಳಲ್ಲಿ ಬಿಗಿದ ಗಾಡಿಗಳಲ್ಲಿ ಕೇಡಿನ ಮೂಲ ಆ ನಟ್‌ಗಳೇ. ಸೋರುತ್ತಿದೆ ಎಂಬ ಅನುಮಾನಕ್ಕೆ ಒಬ್ಬರು ಬಿಗಿಯುತ್ತಾರೆ, ಆಮೇಲೆ ಇನ್ನೊಬ್ಬರು ಇನ್ನಷ್ಟು ಬಿಗಿಯುತ್ತಾರೆ. ಮೆದು ಲೋಹದ ಫ್ಲೇಂಜ್ ನಟ್ ಕೂರುವ ಎರಡೂ ಕಿವಿಗಳ ಕಡೆ ಬಾಗಿ, ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಬಿಗಿದಷ್ಟೂ ಸೋರಿಕೆ ಹೆಚ್ಚು. ಪತ್ತೆ ಮಾಡಲು, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಆ ಜಾಯಿಂಟಿಗೆ ನೀರು ಚಿಮುಕಿಸಿ. ಎಂಜಿನ್ನಿನ ಸದ್ದು ಒಂದು ಕ್ಷಣ ಬದಲಾದರೆ ಸೋರಿಕೆ ಅಲ್ಲೇ ಇದೆ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಬಿಸಿ ಹೆಡ್ಡಿನ ಪಕ್ಕ ಅದು ಆತ್ಮಹತ್ಯೆಯ ವಿಧಾನ, ರಿಪೇರಿಯದಲ್ಲ.

ಬಾಗಿದ ಫ್ಲೇಂಜನ್ನು ಮನೆಯಲ್ಲೇ ಸರಿ ಮಾಡಬಹುದು. ಕಾರ್ಬುರೇಟರಿನ ಒಳಗಿನದನ್ನೆಲ್ಲ ಬಿಚ್ಚಿಟ್ಟು, ದಪ್ಪ ಗಾಜಿನ ಹಲಗೆಯ ಮೇಲೆ 400 ನಂಬರಿನ ಎಮರಿ ಹಾಳೆ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಫ್ಲೇಂಜಿನ ಮುಖವನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ. ಮೊದಲು ಎರಡು ಕಿವಿಗಳ ಹತ್ತಿರ ಮಾತ್ರ ಹೊಳಪು ಕಾಣುತ್ತದೆ, ನಡುವೆ ಮಂಕಾಗಿಯೇ ಇರುತ್ತದೆ. ಆ ಮಂಕು ದಿನೇ ದಿನೇ ನೀವು ಬೈದುಕೊಂಡ ಸೋರಿಕೆ. ಹೊಳಪು ಎರಡೂ ಕಡೆಯಿಂದ ಹರಿದು ಬಂದು ನಡುವೆ ಕೂಡಿಕೊಂಡಾಗ ನಿಲ್ಲಿಸಿ. ಎಮರಿಯ ಪುಡಿ ಒಂದು ಕಣವೂ ಉಳಿಯದಂತೆ ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ನಟ್‌ಗಳನ್ನು ಒಂದಾದ ಮೇಲೊಂದರಂತೆ ಸಮನಾಗಿ, ಹದವಾಗಿ ಬಿಗಿಯಿರಿ. ಏರ್ ಫಿಲ್ಟರಿನಿಂದ ಬರುವ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಅಂಟು ಹಚ್ಚಬೇಡಿ.

ಕಿಡಿ ಮತ್ತು ವಾಲ್ವ್

ಕಿಡಿ ಸರಿಯಿಲ್ಲದ ಗಾಡಿಗೆ ಕಾರ್ಬುರೇಟರ್ ಟ್ಯೂನ್ ಮಾಡಿದರೆ ಸುಳ್ಳು ಲೆಕ್ಕಕ್ಕೆ ತಾಳೆ ಹಾಕಿದಂತೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು, ಫೀಲರ್ ಗೇಜ್ ಇಟ್ಟು ನೋಡಿ, ಕಣ್ಣಳತೆ ಬೇಡ. ಪ್ಲಗ್ಗಿನ ಸಂದು ಸುಮಾರು ಅರ್ಧ ಮಿಲಿಮೀಟರ್. ಕತ್ತಲಲ್ಲಿ ಪಾಯಿಂಟಿನ ಮುಚ್ಚಳ ತೆಗೆದು ನೋಡಿದಾಗ ಪಾಯಿಂಟುಗಳ ನಡುವೆಯೇ ದಪ್ಪ ಕಿಡಿ ಹಾರುತ್ತಿದ್ದರೆ, ಅದನ್ನು ತಡೆಯಬೇಕಾದ ಕಂಡೆನ್ಸರ್ ಮುಗಿದಿದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಠಪ್ ಎನ್ನುವ ಗಾಡಿಗಳಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಟೈಮಿಂಗ್ ಹಿಂದೆ ಬಿದ್ದಿದ್ದರೆ ಮಿಶ್ರಣ ಉರಿದು ಮುಗಿಯುವ ಮೊದಲೇ ವಾಲ್ವ್ ತೆರೆದು ಪೈಪು ವಿಪರೀತ ಕಾಯುತ್ತದೆ. ಓಟಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಮುಂದೆ ತರುವ ಅಡ್ವಾನ್ಸ್ ಯೂನಿಟ್ಟಿನ ಪುಟ್ಟ ಸ್ಪ್ರಿಂಗುಗಳು ಜೋತುಬಿದ್ದಿಲ್ಲವೇ, ತೂಕಗಳು ಸಲೀಸಾಗಿ ಅಲ್ಲಾಡುತ್ತವೆಯೇ ಎಂಬುದನ್ನೂ ನೋಡಿ.

ಟ್ಯಾಪೆಟ್ (ವಾಲ್ವ್ ಎತ್ತುವ ಭಾಗದ ಸಂದು) ನೋಡುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲಿದ್ದಾಗ. ಪುಷ್‌ರಾಡ್ (ವಾಲ್ವ್ ತೆರೆಸುವ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಈಗ ಕಾರ್ಬುರೇಟರ್

ಮೊದಲು ಟ್ಯಾಂಕಿನಿಂದ ಪೆಟ್ರೋಲ್ ಧಾರಾಳವಾಗಿ ಇಳಿಯುತ್ತಿದೆಯೇ, ಮುಚ್ಚಳದ ಗಾಳಿ ತೂತು ಕಟ್ಟಿಲ್ಲವೇ ನೋಡಿ. ನಂತರ ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಬಿಚ್ಚಿ. ತಳದಲ್ಲಿ ಕೆಂಪು ತುಕ್ಕು ಕೂತಿದ್ದರೆ ಟ್ಯಾಂಕ್ ತೊಳೆಯುವವರೆಗೆ ಈ ರಿಪೇರಿ ಮುಗಿಯುವುದಿಲ್ಲ. ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು. ಅರ್ಧಚಂದ್ರ ಕಂಡರೆ ಒಳಗೆ ಪದರ ಕಟ್ಟಿದೆ. ಕ್ಲೀನರ್ ದ್ರವದಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿ. ಹಟ ಮಾಡಿದರೆ ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು. ಸೂಜಿ, ಕ್ಲಚ್ ಕೇಬಲ್‌ನ ತಂತಿ ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ಕಾರ್ಬುರೇಟರಿನ ದೇಹದಲ್ಲಿರುವ ಪೈಲಟ್ ದಾರಿಗೂ ಗಾಳಿ ಹೊಡೆಸಿ.

ಕೂರಿಸಿದ ಮೇಲೆ ಹತ್ತು ಕಿಲೋಮೀಟರಾದರೂ ಓಡಿಸಿ ಎಂಜಿನ್ ಬಿಸಿ ಮಾಡಿ. ಏರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಐಡಲ್ ಸ್ಕ್ರೂವಿನಿಂದ ಓಟ ಸ್ವಲ್ಪ ಏರಿಸಿಡಿ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವುದು, ಎಂಜಿನ್ ಉತ್ತರ ಕೊಡುವವರೆಗೆ ಕಾಯುವುದು, ಮತ್ತೆ ಕಾಲು ಸುತ್ತು. ಈ ಕಾಯುವಿಕೆಯೇ ಕೆಲಸ. ಎಂಜಿನ್ ಅತಿ ಚುರುಕಾಗಿ, ಸಮನಾಗಿ ಓಡುವ ಜಾಗ ಸಿಕ್ಕ ಮೇಲೆ ಐಡಲ್ ಇಳಿಸಿ, ಇನ್ನೊಮ್ಮೆ ಹುಡುಕಿ. ಮಿಕ್‌ಕಾರ್ಬ್‌ನಲ್ಲಿ ಈ ಸ್ಕ್ರೂ ಗಾಳಿಯನ್ನು ಅಳೆಯುತ್ತದೆ: ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ, ಹೊರಗೆ ತಂದರೆ ಗಾಳಿ ಜಾಸ್ತಿ. ಬೇರೆ ಕೆಲವು ಕಾರ್ಬುರೇಟರುಗಳಲ್ಲಿ ಸ್ಕ್ರೂ ಎಂಜಿನ್ನಿನ ಕಡೆ ಇದ್ದು ಪೆಟ್ರೋಲನ್ನೇ ಅಳೆಯುತ್ತದೆ, ಅಲ್ಲಿ ಎಲ್ಲವೂ ತಿರುಗುಮುರುಗು. ಇಳಿಜಾರಿನ ಪಟಪಟಕ್ಕೆ, ಸಿಕ್ಕ ಜಾಗದಿಂದ ಕಾಲು ಸುತ್ತು ಮಾತ್ರ ಒಳಗೆ ಕೊಡಿ.

ಒಂದು ಸುತ್ತಿಗಿಂತ ಒಳಗೆ ಹೋದಷ್ಟೂ ಗಾಡಿ ಖುಷಿಯಾಗುತ್ತಿದ್ದರೆ ಸೋರಿಕೆ ಇನ್ನೂ ಇದೆ, ಇಲ್ಲವೇ ಪೈಲಟ್ ಜೆಟ್ ಕಟ್ಟಿದೆ ಅಥವಾ ಸಣ್ಣದಾಗಿದೆ. ಎರಡೂವರೆ ಸುತ್ತು ಹೊರಗೆ ತಂದರೂ ಗಾಡಿ ಉಸಿರು ಕಟ್ಟಿದಂತಿದ್ದರೆ ಜೆಟ್ ದೊಡ್ಡದಾಗಿದೆ.

ಸ್ಲೈಡಿಗೆ ಸಿಕ್ಕಿಸಿದ ಮೊನಚು ಕಡ್ಡಿಯಾದ ನೀಡಲ್ ಮುಟ್ಟಬೇಕೇ? ಹ್ಯಾಂಡಲ್ ಗ್ರಿಪ್ಪಿಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿ ಓಡಿಸಿದರೆ ಗೊತ್ತಾಗುತ್ತದೆ. ಕಾಲಿಗಿಂತ ಕಡಿಮೆಯಲ್ಲಿ ಪೈಲಟ್ ಮತ್ತು ಸ್ಲೈಡಿನ ಕೊರೆತ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅದರಾಚೆ ಮೇನ್ ಜೆಟ್. ಎಕ್ಸಲರೇಟರ್ ಬಿಟ್ಟಾಗಿನ ಸದ್ದಿಗೆ ಮೇನ್ ಜೆಟ್ ಬದಲಾಯಿಸುವವರಿಗೆ ಕೈಯಲ್ಲಿ ಕಾಸು ಹೆಚ್ಚಿದೆ ಎಂದರ್ಥ. ಅರ್ಧ ರೇಸಿನಲ್ಲಿ ಎಳೆತ ಸೊರಗಿದರೆ ನೀಡಲ್ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ, ಆಗ ನೀಡಲ್ ಮೇಲೆದ್ದು ಪೆಟ್ರೋಲ್ ಹೆಚ್ಚುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಗೋಡೆಗೆ ಕ್ಯಾಲೆಂಡರ್ ಇದ್ದೇ ಇರುತ್ತದೆ, ಬರೆದಿಡಿ.

ಎತ್ತರ, ಎಥನಾಲ್ ಮತ್ತು ಆ ಸೈಲೆನ್ಸರ್

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಈ ಎತ್ತರಕ್ಕೆ ದೊಡ್ಡ ಜೆಟ್ ಬೇಕು ಎಂಬ ಮಾತು ಕೇಳಿದ್ದೇನೆ. ಅದು ತಲೆಕೆಳಗು. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗಿ ಮಿಶ್ರಣದಲ್ಲಿ ಪೆಟ್ರೋಲೇ ಹೆಚ್ಚಾಗುತ್ತದೆ. ಗಾಡಿ ತಯಾರಾದದ್ದು ಚೆನ್ನೈ ಕಡಲತೀರದ ತಿರುವೊಟ್ಟಿಯೂರಿನಲ್ಲಿ, ಆ ಜೆಟ್ಟು ಇಲ್ಲಿಗೆ ಧಾರಾಳ. ಆದರೆ ಈಗಿನ ಪೆಟ್ರೋಲ್ ಇನ್ನೊಂದು ಕಡೆಗೆ ಎಳೆಯುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಅದೇ ಜೆಟ್ಟಿನಲ್ಲಿ ಹರಿದರೆ ಮಿಶ್ರಣ ತೆಳುವೇ ಆಗುತ್ತದೆ. ಮೊದಲು ತೆಪ್ಪಗಿದ್ದ ಗಾಡಿ ಈಗೀಗ ಪಟಗುಟ್ಟಲು ಇದೂ ಒಂದು ಕಾರಣ. ಡಿಸೆಂಬರಿನ ಮುಂಜಾನೆಯ ತಂಪು ಗಾಳಿ ಸಾಂದ್ರವಾಗಿರುವುದರಿಂದ ಆಗ ಇನ್ನೂ ಹೆಚ್ಚು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಫ್ಲೋಟ್ ಬಟ್ಟಲು ಖಾಲಿ ಮಾಡಿಡಿ. ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಹಾಕಿಸಿ ಪ್ರಯೋಜನವಿಲ್ಲ, 6.5:1 ಕಂಪ್ರೆಷನ್ನಿನ ಎಂಜಿನ್ನಿಗೆ ಅದರ ಹಂಗಿಲ್ಲ.

ಬಟವಾಡಿಯ ಹುಡುಗನೊಬ್ಬ ತಾತನ ಬುಲೆಟ್ಟಿಗೆ ಒಳಗೇನೂ ಇಲ್ಲದ ಉದ್ದನೆಯ ಕೊಳವೆ ಸೈಲೆನ್ಸರ್ ಹಾಕಿಸಿಕೊಂಡು ಬಂದಿದ್ದ. “ಅಂಕಲ್, ಗಾಡಿ ಬಿಸಿಯಾಗುತ್ತದೆ, ಪ್ಲಗ್ ಬೆಳ್ಳಗಾಗಿದೆ, ಎಳೆಯುವುದೇ ಇಲ್ಲ” ಎಂದ. “ಪಟಪಟ?” ಎಂದು ಕೇಳಿದೆ. “ಅದು ಬರಲಿ ಎಂದೇ ಹಾಕಿಸಿದ್ದು ಅಂಕಲ್” ಎಂದು ನಕ್ಕ. ತಡೆಯಿಲ್ಲದ ಸೈಲೆನ್ಸರ್ ಹಾಕಿ ಜೆಟ್ ಹಳೆಯದನ್ನೇ ಉಳಿಸಿದರೆ ಮಿಶ್ರಣ ತೆಳುವಾಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಪೊಲೀಸರು ಕಿತ್ತಿಟ್ಟುಕೊಂಡ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಓಡಿಸುವ ಚಿತ್ರ ಪತ್ರಿಕೆಯಲ್ಲಿ ಬಂದಾಗ ನನಗೇನೂ ಸಂಕಟವಾಗುವುದಿಲ್ಲ. ಹುಡುಗನಿಗೆ ಹೇಳಿದ್ದು ಇಷ್ಟೇ: ತಾತನ ಸೈಲೆನ್ಸರ್ ಅಟ್ಟದ ಮೇಲೆ ಇದ್ದರೆ ಇಳಿಸಿಕೊಂಡು ಬಾ.

ಕೊನೆಯ ಪರೀಕ್ಷೆ ಗುಡ್ಡದ ರಸ್ತೆ. ಶನಿವಾರ, ಭಾನುವಾರ ಬಿಟ್ಟು ಹೋಗಿ, ಜನ ಮತ್ತು ಕೋತಿಗಳ ಕಾಟ ಕಡಿಮೆ. ಹತ್ತುವಾಗ ನೀಡಲ್, ಇಳಿಯುವಾಗ ಪೈಲಟ್, ಎರಡೂ ಒಂದೇ ಓಟದಲ್ಲಿ ಪರೀಕ್ಷೆಯಾಗುತ್ತವೆ. ಗುಡ್ಡದ ಬುಡದ ನಾಮದ ಚಿಲುಮೆಯ ಹತ್ತಿರ ನೆರಳಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣ ಸರಿ. ಸುಣ್ಣದ ಬಿಳುಪು ಇದ್ದರೆ ಇನ್ನೂ ತೆಳು. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಎಣ್ಣೆಯ ಹಸಿ ಇದ್ದರೆ ಅದು ರಿಂಗ್ ಅಥವಾ ವಾಲ್ವ್ ಗೈಡಿನ ಸಂಗತಿ, ಕಾರ್ಬುರೇಟರನ್ನು ಬಿಟ್ಟುಬಿಡಿ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣ ಮೊದಲಿನಷ್ಟು ಗಾಢವಾಗಿ ಬರುವುದಿಲ್ಲ, ಅದಕ್ಕೆ ಹೆದರಬೇಡಿ.

ಇಷ್ಟೆಲ್ಲ ಆದ ಮೇಲೂ ಉದ್ದನೆಯ ಇಳಿಜಾರಿನಲ್ಲಿ ಒಂದೆರಡು ಸಣ್ಣ ಪಟ್ ಉಳಿದರೆ ಉಳಿಯಲಿ. ಅದನ್ನೂ ಅಡಗಿಸಲು ಸ್ಕ್ರೂ ಇನ್ನಷ್ಟು ಒಳಗೆ ಕೊಟ್ಟರೆ ಐಡಲ್ ತೊದಲುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ, ಬೆಳಗ್ಗೆ ಕಿಕ್ ಹೊಡೆದು ಹೊಡೆದು ಮೊಣಕಾಲು ಹೋಗುತ್ತದೆ.