ಜನವರಿ ಹತ್ತು ಎಲ್ಲಿ ಹೋಯಿತು? ವಿಮಾನದ ದೂರ, ಹೊತ್ತು ಲೆಕ್ಕ ಹಾಕುವ ಬಗೆ

2021ರ ಜನವರಿ 9, ಶನಿವಾರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಡುವುದು. 11, ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ಸೇರುವುದು. ಈ ಎರಡು ಊರುಗಳ ನಡುವೆ ಏರ್ ಇಂಡಿಯಾ ಹಾರಿಸಿದ ಮೊದಲ ನೇರ ವಿಮಾನದ ವೇಳಾಪಟ್ಟಿ ಇದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿ ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದ ಹಾರಾಟ. ಅದಿರಲಿ, ವಿಮಾನ ಗಾಳಿಯಲ್ಲಿದ್ದದ್ದು ಎಷ್ಟು ಹೊತ್ತು? ಮನೆಯಲ್ಲೇ ಕೂತು ಲೆಕ್ಕ ಹಾಕೋಣ.

ಮೊದಲು ದೂರ. ಗೋಡೆಯ ಭೂಪಟ ಬೇಡ, ಅದು ಮೋಸ ಮಾಡುತ್ತದೆ. ಮಕ್ಕಳ ಗ್ಲೋಬ್ ಮತ್ತು ಒಂದು ದಾರ ಸಾಕು. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಅದು ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಟಿಬೆಟ್, ಸೈಬೀರಿಯಾ ದಾಟಿ ಉತ್ತರ ಧ್ರುವದ ಕಡೆ ಏರಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ನಿಮ್ಮ ದಾರ ಹೆಚ್ಚುಕಡಿಮೆ 33 ಸೆಂ.ಮೀ. ಬರುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದಿಟ್ಟುಕೊಂಡು 33ನ್ನು 94ರಿಂದ ಭಾಗಿಸಿ, 40,000ದಿಂದ ಗುಣಿಸಿ. ಸುಮಾರು 14,000 ಕಿ.ಮೀ. ದಾರದ ಲೆಕ್ಕಕ್ಕೆ ಇಷ್ಟು ನಿಖರತೆ ಧಾರಾಳವಾಯಿತು.

ಇನ್ನು ಹೊತ್ತು. ದೊಡ್ಡ ಜೆಟ್ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ರನ್‌ವೇವರೆಗೆ ತೆವಳುವುದು, ಏರುವುದು, ಇಳಿಯುವುದು ಎಂದು ಅರ್ಧ ಗಂಟೆ ಸೇರಿಸಿ. ಆದರೂ ಟಿಕೆಟ್ಟಿನಲ್ಲಿರುವ ಹೊತ್ತು ಇದಕ್ಕಿಂತ ಜಾಸ್ತಿ, ಏಕೆಂದರೆ ವಿಮಾನ ನಮ್ಮ ದಾರದ ಮೇಲೇ ಹೋಗುವುದಿಲ್ಲ. ಟಿಬೆಟ್ ಒಂದೇ ಸಾಕು ಉದಾಹರಣೆಗೆ: ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು, ಅಲ್ಲಾದರೆ ನೆಲವೇ ಅದಕ್ಕಿಂತ ಎತ್ತರದಲ್ಲಿದೆ! ಹಾಗಾಗಿ ಸಾಧ್ಯವಾದಷ್ಟೂ ಸುತ್ತುಬಳಸಿ ಹೋಗುತ್ತಾರೆ. ಯುದ್ಧ, ಜಗಳಗಳಿಂದ ಮುಚ್ಚಿದ ವಾಯುಪ್ರದೇಶಗಳದ್ದು ಬೇರೆ ಕಾಟ. ಗಾಳಿಯೂ ಇದೆ. ಮೇಲೆ ಬೀಸುವ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ. ಲಂಡನ್ನಿನಿಂದ ನ್ಯೂಯಾರ್ಕಿಗೆ ಎಂಟು ಗಂಟೆ ಹಿಡಿದರೆ, ವಾಪಸು ಬರಲು ಏಳು ಗಂಟೆ ಸಾಕು.

ಕೊನೆಗೆ ಗಡಿಯಾರ. ಎಲ್ಲರೂ ಎಡವುವುದು ಇಲ್ಲೇ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಆ ಊರಿನದು, ತಲುಪುವ ಹೊತ್ತು ಈ ಊರಿನದು. ಎರಡನ್ನೂ ಒಂದೇ ಗಡಿಯಾರಕ್ಕೆ ತಂದ ಮೇಲೆಯೇ ಕಳೆಯಬೇಕು. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ 13.30 ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಮುಳ್ಳನ್ನು ಒಂದು ಗಂಟೆ ಮುಂದಿಡುವುದರಿಂದ ಆಗ 12.30 ಗಂಟೆ. ಶನಿವಾರ ರಾತ್ರಿ 8.30ಕ್ಕೆ 13.30 ಗಂಟೆ ಸೇರಿಸಿದರೆ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಸೋಮವಾರ 3.45ಕ್ಕೆ 17 ಗಂಟೆ 45 ನಿಮಿಷ. ಎರಡು ದಿನವಲ್ಲ, ಒಂದು ದಿನವೂ ಅಲ್ಲ. ಹತ್ತನೇ ತಾರೀಖು ಪೂರ್ತಿ ವಿಮಾನದೊಳಗೇ ಮುಗಿದಿತ್ತು, ಅಷ್ಟೆ.

ಹೋಗುವಾಗ ಇದರ ತಿರುಗುಮುರುಗು. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದಿರಿ ಎನ್ನಿ. ಅಲ್ಲಿ ಇಳಿದಾಗ ಅದೇ ದಿನ ಸಂಜೆ 4.30, ಊಟ, ತಿಂಡಿ, ಒಂದು ಇಡೀ ನಿದ್ದೆ ಮುಗಿದಿದ್ದರೂ ಗಡಿಯಾರ ಮಾತ್ರ ಎರಡೂವರೆ ಗಂಟೆ ಸರಿದಿರುತ್ತದೆ.