ಹೆಚ್ಚುವರಿ ಕೆಲಸ ಒಪ್ಪುವ ಮುನ್ನ ಗಂಟೆಯ ಲೆಕ್ಕ ಹಾಕಿ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಸಹೋದರಿಯರು ಸಂಜೆ ಮನೆಯಲ್ಲಿ ರವಿಕೆ ಹೊಲಿಯುವ ಕೆಲಸವನ್ನೂ ಒಪ್ಪಿಕೊಳ್ಳುವ ಮುನ್ನ, ತಿಂಗಳಿಗೆ ಎಷ್ಟು ಬರುತ್ತದೆ ಎಂಬುದಕ್ಕಿಂತ ಗಂಟೆಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಬೇಕು. ಉದಾಹರಣೆಗೆ, 300 ರೂಪಾಯಿ ಕೂಲಿಯಲ್ಲಿ ಲೈನಿಂಗ್, ದಾರ, ಹುಕ್ಕುಗಳಿಗೆ 80 ರೂಪಾಯಿ ಹೋಗಿ, ಅಳತೆ, ಕತ್ತರಿಸುವಿಕೆ, ತಿದ್ದುಪಡಿ ಸೇರಿ 4 ಗಂಟೆ ಹಿಡಿದರೆ, ಗಂಟೆಗೆ ದಕ್ಕುವುದು 55 ರೂಪಾಯಿ ಮಾತ್ರ. ಕಾರ್ಖಾನೆಯ ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ಸಾಮಾನ್ಯ ದರದ ಎರಡರಷ್ಟು ವೇತನ ಸಲ್ಲಬೇಕು. ಸಂಬಳದ ಚೀಟಿಯಲ್ಲಿ ಅದು ಹಾಗೆಯೇ ನಮೂದಾಗುತ್ತಿದೆಯೇ ಎಂದು ಪರಿಶೀಲಿಸಿದ ಮೇಲೆ ಎರಡನ್ನೂ ಹೋಲಿಸಿ. ಶಾಲೆಗೆ ಹೋಗುವ ಮಕ್ಕಳಿದ್ದರೆ, ಹಣ ಸ್ವಲ್ಪ ಕಡಿಮೆಯಾದರೂ ಮನೆಯ ಹೊಲಿಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲು ದಸರಾದಿಂದ ದೀಪಾವಳಿಯವರೆಗೆ ಮಾತ್ರ ಒಪ್ಪಿಕೊಂಡು, ಕಣ್ಣು ಮತ್ತು ಬೆನ್ನು ತಾಳಿದರೆ ಮುಂದುವರಿಸಿ; ಅಲ್ಲಿಯವರೆಗೆ ಸಾಲ ಮಾಡಿ ಹೊಸ ಯಂತ್ರ ಕೊಳ್ಳಬೇಡಿ.